ಹಗಲಿನಲ್ಲಿ ಕಾಣಬೇಕಾದ ಘಟ್ಟ

ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ವ್ಯಾಪಾರ ಮಾಡುವ ನನ್ನ ಮಿತ್ರರೊಬ್ಬರು ಒಮ್ಮೆ ನಾರ್ವೆ ದೇಶದ ಚಿತ್ರಸಂಪುಟವೊಂದನ್ನು ನನ್ನೆದುರು ಬಿಡಿಸಿಟ್ಟರು. ರಾಜಧಾನಿ ಓಸ್ಲೋದಿಂದ ಪಶ್ಚಿಮ ಕಡಲತೀರದ ಬರ್ಗೆನ್ ನಗರಕ್ಕೆ ೧೯೦೯ರಲ್ಲಿ ತೆರೆದ ರೈಲುಮಾರ್ಗ. ಹಿಮದ ಬಯಲಿನ ನಡುವೆ, ೧,೨೨೨ ಮೀಟರ್ ಎತ್ತರದಲ್ಲಿ ಫಿನ್ಸೆ ಎಂಬ ಪುಟ್ಟ ನಿಲ್ದಾಣ. "ಶಾಸ್ತ್ರಿಗಳೇ, ಇಂಥದ್ದನ್ನು ನೋಡುವ ಯೋಗ ನಮಗೆಲ್ಲಿ ಬರಬೇಕು?" ಎಂದು ನಿಟ್ಟುಸಿರುಬಿಟ್ಟರು.

ನನಗೆ ನಗು ಬಂದಿತು. ಅವರ ಮಗಳು-ಅಳಿಯ ಉದ್ಯೋಗನಿಮಿತ್ತ ಮಂಗಳೂರಿನಲ್ಲಿ ನೆಲೆಸಿದ್ದಾರೆ. ವರ್ಷಕ್ಕೆರಡು ಬಾರಿಯಾದರೂ ಮಿತ್ರರು ರೈಲಿನಲ್ಲಿಯೇ ಅಲ್ಲಿಗೆ ಹೋಗಿಬರುತ್ತಾರೆ. ಆದರೆ ರಾತ್ರಿಯ ಗಾಡಿ; ಸಕಲೇಶಪುರ ಬರುವಷ್ಟರಲ್ಲಿ ಗಾಢನಿದ್ರೆ.

೨೦೨೪ರ ಸೆಪ್ಟೆಂಬರಿನಲ್ಲಿ ಅವರನ್ನು ಬಲವಂತದಿಂದ ಯಶವಂತಪುರದ ಹಗಲುಗಾಡಿಗೆ ಹತ್ತಿಸಿದೆ. ೨೦೨೧ರಲ್ಲಿ ಈ ಮಾರ್ಗಕ್ಕೆ ಗಾಜಿನ ಛಾವಣಿಯ ಬೋಗಿಗಳೂ ಬಂದವು. ನಾವು ಕುಳಿತದ್ದು ಸಾಮಾನ್ಯ ಬೋಗಿಯ ಕಿಟಕಿಯ ಬಳಿ. ಕಾಡಿನ ಗಾಳಿ ಮುಖಕ್ಕೆ ತಾಗದಿದ್ದರೆ ಘಟ್ಟ ಕಂಡಂತಾಗದೆಂಬುದು ನನ್ನ ಅಭಿಪ್ರಾಯ.

ಸಕಲೇಶಪುರ ಬಿಟ್ಟೊಡನೆ ಗಾಡಿಯ ನಡೆಯೇ ಬದಲಾಗುತ್ತದೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ಆದ್ದರಿಂದ ವೇಗಕ್ಕೆ ಕಟ್ಟುನಿಟ್ಟಾದ ಮಿತಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ದಾಟಿ ಸುಬ್ರಹ್ಮಣ್ಯ ರೋಡ್ ತಲಪುವ ಸುಮಾರು ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳು, ನೂರಕ್ಕೂ ಮೇಲ್ಪಟ್ಟು ಸೇತುವೆಗಳು. ನಾರ್ವೆಯ ಪ್ರಖ್ಯಾತ ಫ್ಲಾಮ್ ಕವಲುಮಾರ್ಗ ನಮ್ಮದಕ್ಕಿಂತ ಬಹಳ ಕಡಿದಾದುದೇನೋ ನಿಜ. ಆದರೆ ಅಲ್ಲಿರುವ ಸುರಂಗಗಳು ಇಪ್ಪತ್ತು. ಬೆರಳು ಮಡಿಸುತ್ತ ಎಣಿಸಲಾರಂಭಿಸಿದ್ದ ಮಿತ್ರರಿಗೆ, ಜಲಪಾತವೊಂದು ಕಿಟಕಿಗೆ ಎರಚಿದ ಹೊತ್ತಿಗೆ ಲೆಕ್ಕ ತಪ್ಪಿಹೋಯಿತು.

ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಈ ಘಟ್ಟವನ್ನು ಮೀಟರ್ ಗೇಜ್ ಗಾಡಿಯಲ್ಲಿ ಇಳಿದಿದ್ದೆ. ಹಾಸನ–ಮಂಗಳೂರು ಮಾರ್ಗ ಪೂರ್ಣಗೊಂಡದ್ದು ೧೯೭೯ರಲ್ಲಿ. ಹಳಿ ಅಗಲಗೊಳಿಸುವುದಕ್ಕಾಗಿ ೧೯೯೬ರಲ್ಲಿ ಸಂಚಾರ ನಿಂತಿತು. ಪ್ರಯಾಣಿಕರ ಗಾಡಿ ಮರಳಿ ಬಂದದ್ದು ೨೦೦೭ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಒಂದು ತಲೆಮಾರು ರಾತ್ರಿಯ ಬಸ್ಸಿಗೆ ಒಗ್ಗಿಹೋಗಿತ್ತು.

ಎಡಕುಮೇರಿಯ ಸಮೀಪ ಗಾಡಿ ತೆವಳುವಂತೆ ಸಾಗಿತು. ಅದೇ ವರ್ಷದ ಜುಲೈ ೨೬ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ಆಗಸ್ಟಿನವರೆಗೆ ಗಾಡಿಗಳು ನಿಂತಿದ್ದವು. ಸುರಿಯುವ ಮಳೆಯಲ್ಲಿ ಕಲ್ಲುಮಣ್ಣು ಹೊತ್ತು ಮಾರ್ಗವನ್ನು ಎತ್ತಿ ನಿಲ್ಲಿಸಿದ ಕೆಲಸಗಾರರ ಹೆಸರು ಯಾವ ಚಿತ್ರಸಂಪುಟದಲ್ಲಿಯೂ ಬರುವುದಿಲ್ಲ. ಹಳಿಯಿಂದ ಸರಿದು ನಿಂತಿದ್ದ ನಾಲ್ವರು, ಗೋಣಿಯ ಕೊಪ್ಪೆ ಹೊದ್ದು, ನಮ್ಮ ಗಾಡಿ ದಾಟುವುದನ್ನೇ ನೋಡುತ್ತಿದ್ದರು. ಮಿತ್ರರು ಕೈಮುಗಿದರು.

ಮರಳುವ ಟಿಕೆಟ್ಟು ರಾತ್ರಿಯದೇ ಆಗಿತ್ತು. ಸುಬ್ರಹ್ಮಣ್ಯ ರೋಡ್ ದಾಟಿದರೂ ಅವರು ಹಾಸಿಗೆ ಬಿಡಿಸಲಿಲ್ಲ. ಕಿಟಕಿಗೆ ಹಣೆಯಾನಿಸಿ ಬಹಳ ಹೊತ್ತು ಕುಳಿತಿದ್ದು, ಒಮ್ಮೆಲೇ ನನ್ನ ತೋಳನ್ನು ಅಲುಗಿಸಿದರು. ಹೊರಗೆ ಕಗ್ಗತ್ತಲು, ಹಳಿಯ ಪಕ್ಕದಲ್ಲಿ ಯಾರೋ ಹಿಡಿದು ನಿಂತಿದ್ದ ಒಂದೇ ಒಂದು ದೀಪ.

"ನೋಡಿ ಶಾಸ್ತ್ರಿಗಳೇ, ನಾನು ಮಲಗಿರುತ್ತಿದ್ದಾಗಲೆಲ್ಲ ಇವರು ಇಲ್ಲೇ ಇದ್ದರಲ್ಲ!" ಎಂದರು.