ಬಾಲ್ಯದ ‘ಅಮ್ಮ’, ಮುಪ್ಪಿನ ಸರ್ಪಸುತ್ತು

ಅಜ್ಜಿಗೆ ಸರ್ಪಸುತ್ತು ಎದ್ದಿದೆ, ಮೊಮ್ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಮಗುವನ್ನು ಅಜ್ಜಿಯ ಮಡಿಲಿಗೆ ಕೊಡಬಹುದೇ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಮಗುವಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಗುಲಿದರೆ ಸೀತಾಳೆ ಸಿಡುಬು, ಅಂದರೆ ನಾವು ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್ ಬರಬಹುದು. ಎರಡಕ್ಕೂ ಮೂಲ ಒಂದೇ ವೈರಸ್, ವ್ಯಾರಿಸೆಲ್ಲಾ ಜೋಸ್ಟರ್.

ಒಮ್ಮೆ ಅಮ್ಮ ಬಂದರೆ ಮತ್ತೆ ಬರುವುದಿಲ್ಲ ಎಂದು ಹಿರಿಯರು ಹೇಳುವುದು ಬಹುಮಟ್ಟಿಗೆ ನಿಜ. ಬೇವಿನ ಸೊಪ್ಪಿನ ನೀರು ಹುಯ್ದು, ಮಾರಮ್ಮನಿಗೆ ತಂಬಿಟ್ಟಿನ ದೀಪ ಬೆಳಗಿ ಬಂದರೆ ಮನೆಯವರ ಪಾಲಿಗೆ ಕಾಯಿಲೆ ಮುಗಿಯಿತು. ಆದರೆ ಹಕ್ಕಳೆ ಉದುರಿದರೂ ವೈರಸ್ ಮೈಬಿಟ್ಟು ಹೋಗಿರುವುದಿಲ್ಲ. ಚರ್ಮದಿಂದ ನರಗಳ ಗುಂಟ ಒಳಸರಿದು, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲೋ ಮುಖದ ನರಗಳ ಬುಡದಲ್ಲೋ ಹತ್ತಾರು ವರ್ಷ ಸದ್ದಿಲ್ಲದೆ ಇರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅಲ್ಲಿಂದಲೇ ಎದ್ದು, ಅದೇ ನರ ಹಿಡಿದು ಚರ್ಮಕ್ಕೆ ಮರಳುತ್ತದೆ. ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ ಇದ್ದವರಲ್ಲಿ ವಯಸ್ಸಿಗೆ ಮುಂಚೆಯೇ ಬರಬಹುದು.

ಎರಡು ಕಾಯಿಲೆಗಳ ಈ ನಂಟನ್ನು ಗುರುತಿಸಿದ ಕತೆಯಲ್ಲಿ ನನಗೆ ತುಂಬ ಹಿಡಿಸುವುದು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ಅವರ ಪಾಲು. ಸರ್ಪಸುತ್ತಿನವರ ಮನೆಯ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು 19ನೇ ಶತಮಾನದ ಕೊನೆಯಲ್ಲೇ ಬುಡಾಪೆಸ್ಟಿನ ವೈದ್ಯ ಬೋಕಾಯ್ ಗಮನಿಸಿದ್ದರು. 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಎರಡೂ ಕಾಯಿಲೆಯ ಗುಳ್ಳೆಗಳಿಂದ ಅದೇ ವೈರಸ್ ಬೆಳೆಸಿ ತೋರಿಸಿದರು. ಹೋಪ್-ಸಿಂಪ್ಸನ್ ಬಳಿ ಇದ್ದದ್ದು ತಮ್ಮ ಕ್ಲಿನಿಕ್ಕಿಗೆ ಬಂದವರ ದಾಖಲೆ ಮಾತ್ರ. 16 ವರ್ಷಗಳ ಅವಧಿಯ 192 ಸರ್ಪಸುತ್ತಿನ ರೋಗಿಗಳನ್ನು ಲೆಕ್ಕವಿಟ್ಟು ನೋಡಿದರು. ಸೀತಾಳೆ ಸಿಡುಬಿಗೆ ಒಂದು ಕಾಲವಿದೆ, ಸರ್ಪಸುತ್ತಿಗೆ ಇಲ್ಲ. ವಯಸ್ಸು ಏರಿದಂತೆ ಅದೂ ಏರುತ್ತದೆ. ಹಾಗಾದರೆ ಅದು ಹೊರಗಿನಿಂದ ಬರುವುದಲ್ಲ, ಒಳಗಿದ್ದದ್ದೇ ಏಳುವುದು ಎಂದು 1965ರಲ್ಲಿ ಬರೆದರು. ತಾಲ್ಲೂಕು ವೈದ್ಯರೊಬ್ಬರ ತಾಳ್ಮೆಯಿಂದ ಇಷ್ಟು ದೊಡ್ಡ ಸತ್ಯ ಹೊರಬಂತು.

ಗುಳ್ಳೆಗಳು ಮೈಸುತ್ತಿ ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಆದರೆ ಬೆನ್ನುಹುರಿಯಿಂದ ಹೊರಡುವ ಒಂದೊಂದು ನರವೂ ಮೈಯ ಒಂದು ಬದಿಯ ಪಟ್ಟಿಯನ್ನಷ್ಟೇ ನೋಡಿಕೊಳ್ಳುತ್ತದೆ, ನಡುಗೆರೆಗೆ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದು ನರದ ವೈರಸ್ಸಷ್ಟೇ ಎದ್ದಿರುವುದರಿಂದ ಗುಳ್ಳೆಗಳೂ ಅಲ್ಲಿಗೇ ನಿಲ್ಲುತ್ತವೆ. ತೀರಾ ನಿತ್ರಾಣರಾದವರಲ್ಲಿ ಎರಡೂ ಬದಿಗೆ ಹರಡುವುದುಂಟು, ಅದು ಅಪರೂಪ.

ಗುಳ್ಳೆಗೆ ಎರಡು ಮೂರು ದಿನ ಮುಂಚೆಯೇ ಉರಿ, ಚುಚ್ಚು, ಮುಟ್ಟಿದರೆ ನೋವು ಶುರುವಾಗುತ್ತದೆ. ಮಾವಿನ ಸುಗ್ಗಿಯಲ್ಲಿ ಕ್ರೇಟ್ ಹೊತ್ತವರು ಉಳುಕು ಎಂದುಕೊಳ್ಳುವುದು, ಎದೆಯ ಎಡಗಡೆ ಬಂದರೆ ಹೃದಯದ್ದೆಂದು ಹೆದರುವುದು ತಪ್ಪಲ್ಲ, ಎದೆನೋವನ್ನು ತೋರಿಸಿಕೊಳ್ಳಲೇಬೇಕು. ಗುಳ್ಳೆ ಕಂಡ ಮೇಲಿನ 72 ಗಂಟೆ ಮಾತ್ರ ಬಂಗಾರ. ಅಷ್ಟರೊಳಗೆ ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಮಾತ್ರೆ ಶುರುವಾದರೆ ಗುಳ್ಳೆ ಬೇಗ ಒಣಗುತ್ತದೆ, ನೋವೂ ಇಳಿಯುತ್ತದೆ. ಅಸೈಕ್ಲೋವಿರ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ಕೇಳಿ.

ನನಗೆ ಸಂಕಟವಾಗುವುದು ಇಲ್ಲೇ. ಈ ಮೂರು ದಿನ ಎಷ್ಟೋ ಕಡೆ ಕೆಮ್ಮಣ್ಣು ಹಚ್ಚಿಸುವುದರಲ್ಲಿ, ಮಂತ್ರ ಹಾಕಿಸುವುದರಲ್ಲಿ ಕಳೆದುಹೋಗುತ್ತವೆ. ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗುತ್ತದೆ. ಗುಳ್ಳೆ ಹೇಗೂ ಎರಡರಿಂದ ನಾಲ್ಕು ವಾರದಲ್ಲಿ ಮಾಯುವುದರಿಂದ ಹೆಸರು ಮಣ್ಣಿಗೆ ಹೋಗುತ್ತದೆ. ಆದರೆ ವಯಸ್ಸಾದವರಲ್ಲಿ ನರದ ಉರಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಬಹುದು, ಸೀರೆಯ ಸೆರಗು ತಾಗಿದರೂ ಸಹಿಸಲಾಗದಷ್ಟು. ಸರ್ಪದೋಷವೆಂದು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆಯುವವರು ಎರೆಯಲಿ. ಮಾತ್ರೆ ಅಂದೇ ಶುರುವಾಗಲಿ. ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ದೃಷ್ಟಿಗೆ ಅಪಾಯ. ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಕಿವಿಯಲ್ಲಿ ಎದ್ದರೆ ಮುಖ ಸೊಟ್ಟಗಾಗಬಹುದು.

ಸರ್ಪಸುತ್ತು ಇದ್ದವರು ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಅದನ್ನು ಬಟ್ಟೆಯಿಂದ ಮುಚ್ಚಿ, ಟವೆಲ್ ಬೇರೆ ಇಟ್ಟುಕೊಂಡರೆ ಬಹುಪಾಲು ಸಾಕು. ಎಳೆಗೂಸು, ಅಮ್ಮ ಬಾರದ ಬಸುರಿಯರು ದೂರವಿರಲಿ. ಸೀತಾಳೆ ಸಿಡುಬು ಹಾಗಲ್ಲ, ಗಾಳಿಯಲ್ಲೂ ಹರಡುತ್ತದೆ, ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದಲೇ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ನೆಂಟರನ್ನು ತಡೆಯುವ ನಮ್ಮ ಪದ್ಧತಿ ಇದಕ್ಕೆ ಸರಿಯಾಗಿಯೇ ಇದೆ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಬಹುದು; ಮಕ್ಕಳಿಗೆ ಆಸ್ಪಿರಿನ್ ಕೂಡದು. ದೊಡ್ಡವರಾದ ಮೇಲೆ ಮೊದಲ ಸಲ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು, ಆಗ ಮನೆಮದ್ದು ನೆಚ್ಚಬೇಡಿ.

ಸೀತಾಳೆ ಸಿಡುಬಿಗೆ ಲಸಿಕೆಯಿದೆ, ಆದರೆ ಸರ್ಕಾರದ ಉಚಿತ ಲಸಿಕೆ ಕಾರ್ಯಕ್ರಮದಲ್ಲಿ ಇಲ್ಲ. ಮಕ್ಕಳಿಗೆ ಎರಡು ಡೋಸ್, ಮೊದಲನೆಯದು ವರ್ಷ ತುಂಬಿದ ಮೇಲೆ. ಸರ್ಪಸುತ್ತಿನ ಶಿಂಗ್ರಿಕ್ಸ್ ಲಸಿಕೆ ಭಾರತಕ್ಕೆ ಬಂದದ್ದು 2023ರಲ್ಲಿ. 50 ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಕೂಲಿಯವರಿಗೆ ನಿಲುಕದಷ್ಟು ದುಬಾರಿ. ಕೊಳ್ಳಬಲ್ಲವರು, ಅದರಲ್ಲೂ ಸಕ್ಕರೆ ಕಾಯಿಲೆಯ ತಂದೆತಾಯಿ ಇರುವವರು, ವೈದ್ಯರನ್ನು ಕೇಳಿ ಹಾಕಿಸಿ. ಒಮ್ಮೆ ಸರ್ಪಸುತ್ತು ಬಂದು ವಾಸಿಯಾದವರೂ ಹಾಕಿಸಿಕೊಳ್ಳಬಹುದು.