ಶಾಲೆಯಲ್ಲಿ ಕೇಳಿದ ಮಾತು, ಮನೆಯಲ್ಲಿ ಕೊಡುವ ಉತ್ತರ



ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಿಗೂ ಕೇರಳದ ಪಠ್ಯವೇ. 2008ರಲ್ಲಿ ಏಳನೇ ತರಗತಿಯ ಸಮಾಜ ವಿಜ್ಞಾನದಲ್ಲಿ ‘ಮತವಿಲ್ಲದ ಜೀವನ್’ ಎಂಬ ಪಾಠ ಬಂದದ್ದು ನಿಮಗೆ ನೆನಪಿರಬಹುದು. ಜೀವನ್ ಎಂಬ ಹುಡುಗನನ್ನು ಶಾಲೆಗೆ ಸೇರಿಸುವಾಗ ತಂದೆತಾಯಿ ಮತ ಬರೆಸುವುದಿಲ್ಲ. ದೊಡ್ಡವನಾದ ಮೇಲೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎನ್ನುತ್ತಾರೆ. ಧರ್ಮಸಭೆಯೂ ಸೇರಿದಂತೆ ಹಲವರು ವಿರೋಧಿಸಿದರು. ಆ ಗಲಾಟೆಯಲ್ಲಿ ಮಲಪ್ಪುರಂ ಜಿಲ್ಲೆಯ ಅಧ್ಯಾಪಕರೊಬ್ಬರು ಜೀವವನ್ನೇ ಕಳೆದುಕೊಂಡರು. ಆದರೆ ಮಕ್ಕಳೊಡನೆ ಕುಳಿತು ಆ ಪಾಠ ಓದಿದ ಹೆತ್ತವರು ಎಷ್ಟು ಮಂದಿ?

ಮಗು ಪಾಠವನ್ನಾಗಲಿ ಘೋಷಣೆಯನ್ನಾಗಲಿ ಮನೆಗೆ ತಂದಾಗ ಗದರಿಸಬೇಡಿ. ಮೊದಲು ಪೂರ್ತಿ ಕೇಳಿ. ಪುಸ್ತಕ ತೆರೆದು ನೀವೇ ಓದಿ. ಒಳ್ಳೆಯದನ್ನು ಒಪ್ಪಿಕೊಳ್ಳಿ, ಮತ ನೋಡದೆ ನೆರೆಯವನನ್ನು ಪ್ರೀತಿಸುವುದು ಯೇಸುಸ್ವಾಮಿಯ ಬೋಧನೆಯೇ. ಒಪ್ಪಲಾಗದ್ದಕ್ಕೆ ಕಾರಣ ಹೇಳಿ: “ಮಗಾ, ನೀನು ದೊಡ್ಡವನಾಗಲೆಂದು ಕಾಯದೆ ನಿನಗೆ ಅನ್ನ ಕೊಟ್ಟೆವು, ಭಾಷೆ ಕೊಟ್ಟೆವು. ಹಾಗೆಯೇ ವಿಶ್ವಾಸವನ್ನೂ ಕೊಟ್ಟೆವು.” ಅಧ್ಯಾಪಕರನ್ನು ಮಗುವಿನ ಎದುರು ಹಳಿಯಬೇಡಿ. ದೂರಿದ್ದರೆ ಅವರನ್ನೇ ಕಂಡು ವಿನಯದಿಂದ ಮಾತಾಡಿ.

ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದ ಬಾಲಯೇಸುವಿಗೆ ಹನ್ನೆರಡು ವರ್ಷ, ಏಳನೇ ತರಗತಿಯ ಪ್ರಾಯ. ಆತನ ಉತ್ತರ ಅರ್ಥವಾಗದಿದ್ದರೂ ಮರಿಯಮ್ಮನವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಇಂದು ರಾತ್ರಿ ಜಪಸರ ಮುಗಿದ ಮೇಲೆ ನೀವೂ ಕೇಳಿ: “ಇವತ್ತು ಶಾಲೆಯಲ್ಲಿ ಏನು ಹೇಳಿದರು ಮಗಾ?”