ಹರಿಗೋಲು: ಹೊಳೆಯ ಗುಣವನ್ನರಿತ ದೋಣಿ

ಬಯಲುಸೀಮೆಯವರಾದ ನಮಗೆ ನೀರಿನ ಮೇಲೆ ಎಷ್ಟು ಆದರವೆಂಬುದನ್ನು ನಮ್ಮ ಜಲಾಶಯಗಳ ಹೆಸರುಗಳೇ ಸಾರುತ್ತವೆ. ಹಿರೇಗುಂಟನೂರಿಗೆ ನೆರೆಯದು ಭೀಮಸಮುದ್ರ. ಚನ್ನಗಿರಿಯ ಸೂಳೆಕೆರೆಗೆ ಶಾಂತಿಸಾಗರವೆಂದು ಹೆಸರು. ಮಾರಿಕಣಿವೆಯಲ್ಲಿ ವೇದಾವತಿಯನ್ನು ತಡೆದು ನಿಲ್ಲಿಸಿದುದು ವಾಣೀವಿಲಾಸ ಸಾಗರ. ಕಡಲಿಲ್ಲದ ನಾಡು ತನ್ನ ಕೆರೆಗೆ ಕಡಲಿನ ಹೆಸರಿಟ್ಟು ಗೌರವಿಸಿತು. ಆದರೆ ನೀರನ್ನು ಗೌರವಿಸುವುದು ಬೇರೆ, ನೀರಿನ ಗುಣವನ್ನರಿಯುವುದು ಬೇರೆ. ಈ ಎರಡನೆಯ ವಿದ್ಯೆಯನ್ನು ಬಲ್ಲವರು ಹೊಳೆಯ ದಡದ ಅಂಬಿಗರು. ಅವರ ಅರಿವಿನ ಸಾಕಾರರೂಪವೇ ಹರಿಗೋಲು. ಅದರ ಸ್ವರೂಪವನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ದೋಣಿಗೆ ಕನ್ನಡದಲ್ಲಿ ಅಂಬಿ ಎಂಬ ಹಳೆಯ ಹೆಸರುಂಟು. ಅದನ್ನು ನಡೆಸುವವನೇ ಅಂಬಿಗ. ನಡೆಸುವ ಸಾಧನ ಹುಟ್ಟು. ದಿಮ್ಮಿಗಳನ್ನೋ ಬಿದಿರುಗಳನ್ನೋ ಸಾಲಾಗಿ ಬಿಗಿದುದು ತೆಪ್ಪ. ಬಿದಿರಿನ ದುಂಡನೆಯ ದೊಡ್ಡ ಬುಟ್ಟಿಗೆ ಹೊದಿಕೆ ಹಾಕಿದುದು ಹರಿಗೋಲು. ಆಡುಮಾತಿನಲ್ಲಿ ಇದನ್ನೂ ತೆಪ್ಪವೆನ್ನುವ ರೂಢಿಯಿದೆ. ತಮಿಳರು ಇದನ್ನೇ ಪರಿಸಲ್ ಎನ್ನುವರು.

ಇನ್ನು ಇದರ ರಚನೆ. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಹರಡಿ, ಒಂದರೊಳಗೊಂದು ಸೇರಿಸಿ ತಳವನ್ನು ಹೆಣೆಯುತ್ತಾರೆ. ಬಳಿಕ ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಂಚಿಗೆ ಬಿದಿರಿನ ದಪ್ಪ ಸುತ್ತು ಬಿಗಿಯುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಳಿದ ಬಟ್ಟೆ ಮೊದಲಾದುವು ಆ ಸ್ಥಾನಕ್ಕೆ ಬಂದಿವೆ.

ಇದೇಕೆ ದುಂಡಗಿದೆ ಎಂಬ ಜಿಜ್ಞಾಸೆ ಸಹಜ. ತುಂಗಭದ್ರೆಯ ಪಾತ್ರದಲ್ಲಿ ಬಂಡೆಗಳು ಹೇರಳ. ಬೇಸಗೆಯಲ್ಲಿ ನೀರು ತೆಳು, ಮಳೆಗಾಲದಲ್ಲಿ ಸೆಳವು ಬಲು ಬಿರುಸು. ಚಪ್ಪಟೆಯಾದ ಅಗಲ ತಳವಿರುವ ಹರಿಗೋಲು ಗೇಣುದ್ದ ನೀರಿದ್ದರೂ ತೇಲಬಲ್ಲುದು. ಬಂಡೆಗೆ ತಾಗಿದರೆ ಬಿದಿರು ಬಾಗಿಕೊಡುತ್ತದೆ. ಹರಿಗೋಲು ತಿರುಗಿ ಪಕ್ಕಕ್ಕೆ ಜಾರುತ್ತದೆ. ಹಗುರವಾದುದರಿಂದ ಚಿಕ್ಕದನ್ನು ಒಬ್ಬನೇ ಹೊತ್ತು ನಡೆಯಬಹುದು. ಆದರೆ ಇದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ; ಎಚ್ಚರ ತಪ್ಪಿದರೆ ನಿಂತಲ್ಲೇ ಸುತ್ತುತ್ತದೆ. ಆದುದರಿಂದ ಅಂಬಿಗನು ಹುಟ್ಟನ್ನು ಮುಂದೆ ಚಾಚಿ, ನೀರನ್ನು ತನ್ನೆಡೆಗೆ ಸೆಳೆದು ಸಾಗುತ್ತಾನೆ. ಸೆಳವಿಗೆ ನೇರವಾಗಿ ಇದಿರು ನಿಲ್ಲದೆ, ದಡದ ಗುಂಟ ಮೇಲಕ್ಕೆ ಹೋಗಿ ಓರೆಯಾಗಿ ದಾಟುತ್ತಾನೆ. ಭಾರ ಒಂದೆಡೆಗೆ ವಾಲದಂತೆ ಜನರನ್ನು ಸುತ್ತಲೂ ಕುಳ್ಳಿರಿಸುತ್ತಾನೆ.

ಈ ದೋಣಿಯ ಪ್ರಾಚೀನತೆಗೆ ಪರದೇಶಿಯರ ಸಾಕ್ಷ್ಯವೂ ಇದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ತೊಗಲು ಹೊದಿಸಿದ ಬುಟ್ಟಿಯಾಕಾರದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಂದೊಂದರಲ್ಲಿ 15–20 ಮಂದಿ ಹಿಡಿಸುತ್ತಿದ್ದರೆಂದೂ, ಅವು ಸದಾ ಸುತ್ತುತ್ತ ಸಾಗುತ್ತಿದ್ದುವೆಂದೂ ಬರೆದಿದ್ದಾನೆ. ದೂರದ ವೇಲ್ಸ್ ನಾಡಿನ ಬೆಸ್ತರೂ ಹೆಣೆದ ಹಂದರಕ್ಕೆ ತೊಗಲು ಹೊದಿಸಿ ಇಂಥದೇ ಕಿರುದೋಣಿಯನ್ನು ಮಾಡಿಕೊಂಡಿದ್ದರು.

ಅಂಬಿಗರ ಕಾಯಕದ ಘನತೆಯನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರು ತಮ್ಮ ಕಾಯಕವನ್ನು ಹೇಳುವ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡರು. ಹೊಳೆ ದಾಟಿಸುವವನ ಮಾತಿಗೂ ಅನುಭಾವಿಯ ಮಾತಿಗೂ ಅಲ್ಲಿ ಅಂತರವಿಲ್ಲ.

ಸೇತುವೆಗಳು ಬಂದಂತೆ ಹರಿಗೋಲಿನ ಕಾಯಕ ಕ್ಷೀಣಿಸಿದೆ. ಹಂಪಿಯ ಪರಿಸರದಲ್ಲಿಯೂ ಕಾವೇರಿಯ ಹೊಗೇನಕಲ್ಲಿನಲ್ಲಿಯೂ ಅದು ಪ್ರವಾಸಿಗರ ವಿಹಾರಸಾಧನವಾಗಿ ಉಳಿದುಕೊಂಡಿದೆ. ಇತ್ತ ನಮ್ಮ ಸೀಮೆಗೆ ನೀರು ಮರಳಿ ಬಂದಿದೆ. 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದುದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ. ಸಂತೋಷವೇ ಸರಿ. ಆದರೆ ತುಂಬಿದ ನೀರನ್ನು ಕಂಡೇ ಅರಿಯದ ಪೀಳಿಗೆಗೆ ಅದರ ಆಳವೂ ತಿಳಿಯದು, ಅಪಾಯವೂ ತಿಳಿಯದು. ಕೆರೆ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ವಾರ್ತೆಯನ್ನು ಪತ್ರಿಕೆಗಳಲ್ಲಿ ಆಗಾಗ್ಗೆ ಓದಿ ನಿಟ್ಟುಸಿರಿಡುತ್ತೇವೆ.

ಆದಕಾರಣ ಅಧ್ಯಾಪಕರಲ್ಲಿಯೂ ಹಿರಿಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ. ಬಲ್ಲವರ ಮೇಲ್ವಿಚಾರಣೆಯಲ್ಲಿ ನಮ್ಮ ಮಕ್ಕಳಿಗೆ ಈಜನ್ನು ಕಲಿಸುವ ಏರ್ಪಾಡಾಗಲಿ. ಶಾಲೆಯ ವಸ್ತುಸಂಗ್ರಹಕ್ಕೆ ಒಂದು ಹರಿಗೋಲು ಬರಲಿ. ಅದನ್ನು ಹೆಣೆದ ಕೈಗಳಿಗೆ ತಕ್ಕ ಕೂಲಿಯೂ ಮನ್ನಣೆಯೂ ಸಲ್ಲಲಿ. ಅಂಬಿಗರನ್ನೇ ಕರೆಸಿ, ಸೆಳವು, ಮಡು, ಸುಳಿಗಳ ಲಕ್ಷಣವನ್ನು ಅವರ ಬಾಯಿಂದಲೇ ಮಕ್ಕಳು ಕೇಳಲಿ. ಕೆರೆಗೆ ಸಮುದ್ರವೆಂದು ಹೆಸರಿಟ್ಟ ನಾಡಿನ ಮಕ್ಕಳಿಗೆ ನೀರಿನ ಗುಣವೂ ತಿಳಿದಿರಬೇಕಾದುದು ನ್ಯಾಯ.